ಕೊಂಡವರ ಹೆಸರು

ಮಾರ್ಚ್ 4

ಪ್ರಿಯ ಕೀಲಿ,

ಈ ಹೆಸರು ಹಿಡಿದು ಕರೆಯುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಬೇರೆ ಹೇಗೆ ಕರೆಯಬೇಕೆಂದು ಅರ್ಧ ಗಂಟೆ ಯೋಚಿಸಿದೆ, ಏನೂ ಹೊಳೆಯಲಿಲ್ಲ. ಆರನೇ ತರಗತಿಯಲ್ಲಿ ಮೇಷ್ಟರ ಮೇಜಿನ ಖಾನೆಯನ್ನು ನೀನು ಹೇರ್‌ಪಿನ್ನಿನಿಂದ ತೆಗೆದ ದಿನ ನಾನೇ ಇಟ್ಟ ಹೆಸರಲ್ಲವೇ ಅದು. ನನ್ನ ದುಂಡು ಕನ್ನಡಕ ನೋಡಿ ನೀನು ನನಗಿಟ್ಟ ಹೆಸರನ್ನು ಈ ಊರಿನಲ್ಲಿ ಯಾರೂ ಕರೆಯುವುದಿಲ್ಲ. ಇಲ್ಲಿ ಎಲ್ಲರಿಗೂ ನಾನು ದನದ ಡಾಕ್ಟರು, ಅಷ್ಟೇ.

ಹನ್ನೊಂದು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕೆಲಸ ಬಿದ್ದಾಗ ನೆನಪಾಯಿತೇ ಎಂದು ನೀನು ಕೇಳಬಹುದು. ಹೌದು, ಕೆಲಸವಿದೆ.

ಆಗಸ್ಟ್ ಕೊನೆಗೆ ನನ್ನ ನಿವೃತ್ತಿ. ನನ್ನ ಜಾಗಕ್ಕೆ ಬರುವವಳು ಈಗಲೇ ಬಂದು ಕೆಲಸ ಕಲಿಯುತ್ತಿದ್ದಾಳೆ. ಹುಡುಗಿ ಅಂದರೆ ಮುಖ ಸಿಂಡರಿಸುತ್ತಾಳೆ, ಡಾಕ್ಟರಮ್ಮ ಅನ್ನಬೇಕು. ಚುರುಕು. ಒದೆಯುವ ಎಮ್ಮೆಗೂ ಗದರಿಸಿ ಔಷಧಿ ಕುಡಿಸುತ್ತಾಳೆ. ಕಾಲು ಮುರಿದು ಕಮರಿಗೆ ಬಿದ್ದ ಪ್ರಾಣಿಯ ಸಂಕಟ ಮುಗಿಸಲು ನಾನು ಒಂದು ಜೋಡುನಳಿಗೆ ಬಂದೂಕು ಇಟ್ಟುಕೊಂಡಿದ್ದು ನಿನಗೆ ನೆನಪಿರಬೇಕು. ಅದನ್ನು ಅವಳೇ ಕೊಳ್ಳುತ್ತಾಳೆ. ಮಾತು ಎರಡು ನಿಮಿಷದಲ್ಲಿ ಮುಗಿಯಿತು. ಆಮೇಲೆ ಅವಳು ಕೈ ಚಾಚಿ, "ಸರ್, ಸೋಮವಾರದಿಂದ ಗುಡ್ಡದ ಕಡೆ ಹೋಗ್ಬೇಕು. ಬಂದೂಕು ಈಗಲೇ ಕೊಟ್ಬಿಡಿ, ಕಾಗದ ನಿಧಾನಕ್ಕೆ ಮಾಡ್ಕೊಳ್ಳೋಣ. ನಮ್ಮನಮ್ಮಲ್ಲಿ ಎಂಥ ಕಾಗದ?" ಅಂದಳು.

ನನ್ನ ಕೈ ಮುಂದೆ ಹೋಗಲಿಲ್ಲ, ಕೀಲಿ. ಇದೇ ಮಾತನ್ನು ನಾನು ನಿನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಹೇಳಿದ್ದೆ, ನಿನ್ನ ರೈಫಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡು. ನೀನು ಆಗ ಕಾರ್ಬನ್ ಹಾಳೆ ಹುಡುಕುತ್ತಿದ್ದೆ.

ಡಾಕ್ಟರಮ್ಮನಿಗೆ ಕಾಯಲು ಹೇಳಿದ್ದೇನೆ. ಮೂತಿ ಊದಿಸಿಕೊಂಡಿದ್ದಾಳೆ. ಪರವಾನಗಿ ಕಚೇರಿಯವರು ಕೊಟ್ಟ ಸೂಚನೆಯ ಹಾಳೆಯನ್ನು ಮೂರು ಸಲ ಓದಿದೆ, ತಲೆಬುಡ ತಿಳಿಯಲಿಲ್ಲ. ಒಂದು ಬಂದೂಕನ್ನು ಒಬ್ಬರಿಂದ ಇನ್ನೊಬ್ಬರಿಗೆ ಕಾನೂನು ಪ್ರಕಾರ ದಾಟಿಸುವುದು ಹೇಗೆ? ಮೊದಲಿನಿಂದ ಕೊನೆಯವರೆಗೆ ಬಲ್ಲವನು ನನಗೆ ತಿಳಿದಂತೆ ನೀನೊಬ್ಬನೇ. ಹೇಗೆ ಬಲ್ಲವನಾದೆ ಅನ್ನುವುದೂ ನನಗೆ ಗೊತ್ತು. ಗೊತ್ತಿದ್ದೂ ಕೇಳುತ್ತಿದ್ದೇನೆ.

ನಿನ್ನ ಮನೆಯಾಕೆಗೆ, ನನ್ನ ತಂಗಿಗೆ, ನಮಸ್ಕಾರ ಹೇಳು. ಅವಳ ಮಂಡಿ ನೋವು ಹೇಗಿದೆ?

ನಿನ್ನ,
ಗೂಬೆ


ಮಾರ್ಚ್ 19

ಡಾಕ್ಟರ್ ಅವರಿಗೆ ನಮಸ್ಕಾರಗಳು.

ತಮ್ಮ ಪತ್ರ ತಲುಪಿತು. ಕೇಳಿದ ವಿಷಯದಲ್ಲಿ ನನಗೆ ತಿಳಿದಷ್ಟನ್ನು ಬರೆಯುತ್ತಿದ್ದೇನೆ.

ಕೊಳ್ಳುವವರ ಕೈಯಲ್ಲಿ ಪರವಾನಗಿ ಇರಬೇಕು. ಅರ್ಜಿ ಹಾಕಿದ್ದೇನೆ, ಇವತ್ತೋ ನಾಳೆಯೋ ಬರುತ್ತದೆ ಎಂಬುದು ಪರವಾನಗಿಯಲ್ಲ, ಆಸೆ. ಮೂಲ ಪ್ರತಿಯನ್ನೇ ನೋಡಿ. ಫೋಟೋವನ್ನೂ ಮುಖವನ್ನೂ ಹೋಲಿಸಿ ನೋಡಿ. ಪರಿಚಯದವರಾದರೆ ಇನ್ನೂ ಚೆನ್ನಾಗಿ ನೋಡಿ.

ಮಾರುವುದಕ್ಕೆ ಮುಂಚೆ ಇಬ್ಬರೂ ಸಹಿ ಮಾಡಿ ಪರವಾನಗಿ ಕಚೇರಿಗೆ ತಿಳಿಸಬೇಕು. ಅವರ ಒಪ್ಪಿಗೆಯ ಮೊಹರು ಬೀಳುವ ತನಕ ಬಂದೂಕು ತಮ್ಮ ಬೀರುವಿನಲ್ಲೇ ಇರಬೇಕು. ಕೊಂಡಿಯಲ್ಲ, ಬೀಗ ಹಾಕಿದ ಬೀರು.

ಮಾರಾಟ ಪತ್ರದಲ್ಲಿ ಇಬ್ಬರ ಹೆಸರು, ವಿಳಾಸ, ಇಬ್ಬರ ಪರವಾನಗಿ ಸಂಖ್ಯೆ, ಬಂದೂಕಿನ ತಯಾರಕರು, ನಳಿಗೆಯ ಅಳತೆ, ಬಂದೂಕಿನ ಮೇಲೆ ಕೆತ್ತಿದ ಸಂಖ್ಯೆ. ಸಂಖ್ಯೆಯನ್ನು ಹಳೇ ಕಾಗದ ನೋಡಿ ನಕಲು ಮಾಡಬೇಡಿ, ಬಂದೂಕನ್ನೇ ನೋಡಿ ಬರೆಯಿರಿ. ಒಬ್ಬರು ಓದಬೇಕು, ಒಬ್ಬರು ಬರೆಯಬೇಕು, ಆಮೇಲೆ ಅದಲುಬದಲು. ದಿನಾಂಕದ ಜೊತೆಗೆ ಗಂಟೆಯೂ ಇರಲಿ. ಆ ಗಂಟೆಯ ಒಂದು ನಿಮಿಷ ಮುಂಚೆ ಏನಾದರೂ ಅದು ತಮ್ಮ ಹೊಣೆ, ಒಂದು ನಿಮಿಷ ಆಮೇಲೆ ಏನಾದರೂ ಅವರ ಹೊಣೆ. ಇಬ್ಬರು ಸಾಕ್ಷಿಗಳು, ಮೂರು ಪ್ರತಿ. ಬಂದೂಕನ್ನು ತೆರೆದು, ಒಳಗೆ ತೋಟೆ ಇಲ್ಲವೆಂದು ಎಲ್ಲರಿಗೂ ತೋರಿಸಿ ಕೊಡಬೇಕು. ಕೊಟ್ಟ ಮೇಲೆ ಕಚೇರಿಗೆ ಹೋಗಿ ತಮ್ಮ ಪರವಾನಗಿಯಿಂದ ಅದನ್ನು ಹೊಡೆಸಿ, ಅವರ ಪರವಾನಗಿಯಲ್ಲಿ ಬರೆಸಿ, ಸ್ವೀಕೃತಿ ತೆಗೆದುಕೊಳ್ಳಿ. ಆ ಚೀಟಿ ಸಾಯುವ ತನಕ ಇರಲಿ.

ಇಷ್ಟೆಲ್ಲ ಯಾಕೆ ಎಂದು ತಮ್ಮ ಡಾಕ್ಟರಮ್ಮ ಕೇಳಿದರೆ ನನ್ನ ಕಥೆ ಹೇಳಿ. ನಾನು ಮಾರಿದ ರೈಫಲ್ ಐದು ತಿಂಗಳ ಮೇಲೆ ಪೆಟ್ರೋಲ್ ಬಂಕಿನ ಹಿಂದಿನ ಚರಂಡಿಯಲ್ಲಿ ಸಿಕ್ಕಿತು. ಬಂಕಿನವನ ಭುಜಕ್ಕೆ ಗುಂಡು ತಗುಲಿತ್ತು. ಕಳ್ಳರು ಸಿಗಲಿಲ್ಲ, ರೈಫಲ್ ಸಿಕ್ಕಿತು, ಅದರ ಸಂಖ್ಯೆ ಹಿಡಿದು ಪೊಲೀಸರು ನೇರ ನನ್ನ ಅಂಗಡಿಗೆ ಬಂದರು. ಇನ್‌ಸ್ಪೆಕ್ಟರು ಕೇಳಿದ್ದು ಎರಡೇ ಪ್ರಶ್ನೆ. "ಮಾರಿದೆ ಅಂತೀಯ, ಯಾರಿಗೆ? ಕಾಗದ ಎಲ್ಲಿ?" ಹತ್ತೊಂಬತ್ತು ದಿನ ಲಾಕಪ್ಪಿನಲ್ಲಿದ್ದೆ. ಪೊಲೀಸು ದಾಖಲೆಯಲ್ಲಿ ಹೆಸರಿರುವವನು ಬೀಗದ ಕೆಲಸ ಮಾಡುವ ಹಾಗಿಲ್ಲ. ಈಗ ಅದೇ ಅಂಗಡಿಯಲ್ಲಿ ಛತ್ರಿ, ಹೊಲಿಗೆ ಯಂತ್ರ, ಚೀಲದ ಜಿಪ್ಪು ರಿಪೇರಿ ಮಾಡುತ್ತೇನೆ. ಸರ್ಕಾರದ ಲೆಕ್ಕದಲ್ಲಿ ಜಿಪ್ಪು ಬೀಗವಲ್ಲ.

ಇತಿ,
ಸೇತುವೆ ಮೆಟ್ಟಿಲ ಕೆಳಗಿನ ರಿಪೇರಿ ಅಂಗಡಿಯವನು

ಮಂಡಿ ನೋವು ಹಾಗೇ ಇದೆ.


ಮಾರ್ಚ್ 27

ಪ್ರಿಯ ಕೀಲಿ,

ನೀನು ನನ್ನನ್ನು 'ತಾವು' ಅಂದಿದ್ದೀಯ. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಆದರೂ ಕೊನೆಗೆ ಮಂಡಿಯ ಸಾಲೊಂದು ಬರೆದೆಯಲ್ಲ, ಅದನ್ನು ನಾಲ್ಕು ಸಲ ಓದಿದೆ.

ನಿನ್ನ ಪತ್ರವನ್ನು ಮೇಜಿನ ಮೇಲೆ ಹರಡಿಕೊಂಡು ನಾನೂ ಡಾಕ್ಟರಮ್ಮನೂ ಕೂತೆವು. ಅವಳ ಪರವಾನಗಿ ನಿಜವಾಗಿಯೂ 'ಆಸೆ'ಯೇ ಆಗಿತ್ತು, ಮೊನ್ನೆಯಷ್ಟೇ ಕೈಗೆ ಬಂತು. ಆಮೇಲೆ ನಾನು ಬಂದೂಕಿನ ಸಂಖ್ಯೆ ಓದಿದೆ, ಅವಳು ಬರೆದಳು. ಅವಳು ಓದಿದಳು, ನಾನು ಬರೆದೆ. ಅವಳು ತಲೆ ಎತ್ತಿ, "ಸರ್, ನಿಮ್ಮ ಲೈಸೆನ್ಸಲ್ಲಿ ಕೊನೇ ಅಂಕಿ ಮೂರು ಅಂತಿದೆ, ಬಂದೂಕಲ್ಲಿ ಎಂಟು!" ಅಂದಳು. ಭೂತಗನ್ನಡಿ ತಂದು ನೋಡಿದೆವು. ಎಂಟೇ. ಹತ್ತೊಂಬತ್ತು ವರ್ಷದಿಂದ ನಾನು ಬೇರೆ ಯಾವುದೋ ಬಂದೂಕಿನ ಮಾಲೀಕ! ಕಚೇರಿಯವರು ತಿದ್ದಿಕೊಡಲು ಐದಾರು ವಾರ ಬೇಕು ಅಂದಿದ್ದಾರೆ. ಈಗ ಮೂತಿ ಊದಿಸುವುದನ್ನು ಬಿಟ್ಟು ಅವಳೇ ನನ್ನ ಬೆನ್ನು ಹತ್ತಿದ್ದಾಳೆ, "ಆ ಬೀಗದ ಅಂಕಲ್ ಇನ್ನೇನು ಬರೆದಿದಾರೆ?" ಎಂದು.

ನಿನ್ನ ಕಥೆಯನ್ನು ಅವಳಿಗೆ ಹೇಳಿದೆ. ಪೂರ್ತಿ ಹೇಳಲಿಲ್ಲ. ಕೊಂಡವನು ಯಾರೋ ಗೊತ್ತಿಲ್ಲ ಎಂಬಂತೆ ಹೇಳಿ ಎದ್ದು ಹೋಗಿ ಕೈ ತೊಳೆದುಕೊಂಡೆ.

ಕೊಂಡಿಯಲ್ಲ, ಬೀಗ ಎಂದು ಬರೆದಿದ್ದೀಯ. ಕೊಂಡಿಯೇ ಇತ್ತು, ಕೀಲಿ. ನನ್ನ ಬಂದೂಕು ಎಟುಕದ ದೂರಕ್ಕೆ ಬೇಕೆಂದು ನಿನ್ನಿಂದ ಕೊಂಡ ರೈಫಲ್ಲನ್ನು ಆಸ್ಪತ್ರೆಯ ಔಷಧಿ ಬೀರುವಿನಲ್ಲಿ, ಸೀಸೆಗಳ ಹಿಂದೆ ಇಟ್ಟಿದ್ದೆ. ಒಂದು ಮಧ್ಯಾಹ್ನ ಹಸುವಿನ ಹೆರಿಗೆಗೆ ಹೋಗಿ ಬಂದೆ, ಕೊಂಡಿ ನೇತಾಡುತ್ತಿತ್ತು. ದೂರು ಕೊಡಬೇಕಾಗಿತ್ತು. ಕೊಟ್ಟರೆ ಕಾಗದವಿಲ್ಲದ ರೈಫಲ್ ನನ್ನ ಹತ್ತಿರ ಹೇಗೆ ಬಂತು ಎಂದು ಕೇಳುತ್ತಾರೆ, ಸರ್ಕಾರಿ ಕೆಲಸ ಹೋಗುತ್ತದೆ ಎಂದು ಎರಡು ದಿನ ತಳ್ಳಿದೆ. ಮೂರನೇ ದಿನ ಬಂಕಿನ ಸುದ್ದಿ ಪೇಪರಿನಲ್ಲಿ ಬಂತು. ಐದನೇ ದಿನ ನಿನ್ನನ್ನು ಹಿಡಿದರು.

ಠಾಣೆಗೆ ಬಂದಿದ್ದೆ. ಎದುರಿನ ಫೋಟೋ ಸ್ಟುಡಿಯೋದ ಕೆಳಗೆ ನಿಂತಿದ್ದೆ. ರಸ್ತೆ ದಾಟಲು ಆಗಲಿಲ್ಲ. ಯಾರಾದರೂ ಜೋರಾಗಿ ಮಾತಾಡಿದರೂ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ನಾನೇ ಬೆಚ್ಚಿ ಬೀಳುತ್ತಿದ್ದೆ. ಮುಂದಿನ ತಿಂಗಳು ವರ್ಗ ಕೇಳಿ ಈ ಊರಿಗೆ ಬಂದೆ. ಇಷ್ಟೇ. ಇದಕ್ಕಿಂತ ಒಳ್ಳೆಯ ಕಾರಣ ಯಾವುದೂ ನನ್ನ ಹತ್ತಿರ ಇಲ್ಲ.

ಗೂಬೆ


ಏಪ್ರಿಲ್ 10

ಅಣ್ಣನಿಗೆ ತಂಗಿಯ ನಮಸ್ಕಾರಗಳು.

ಟಪಾಲಿನವರು ಕವರನ್ನು ನನ್ನ ಕೈಗೇ ಕೊಟ್ಟಿದ್ದರಿಂದ ನಿಮ್ಮ ಅಕ್ಷರ ಗುರುತು ಸಿಕ್ಕಿತು. ಇವರು ಓದಿದರು, ಮಡಿಸಿದರು, ಅಂಗಿ ಜೇಬಿಗೆ ಇಟ್ಟುಕೊಂಡರು. "ಏನಂತೆ ಅಣ್ಣಂದು?" ಅಂದರೆ "ಬಂದೂಕಿನ ವಿಷಯ" ಅಂದರು. ಅಷ್ಟೇ ಮಾತು. ಮೊದಲೇ ಮಾತು ಕಮ್ಮಿ, ನಿಮಗೆ ಗೊತ್ತಲ್ಲ.

ನಿಮ್ಮ ಮೇಲೆ ನನಗೆ ಸಿಟ್ಟಿತ್ತು. ಇವರು ಲಾಕಪ್ಪಿನಿಂದ ಬಂದ ಮೇಲೆ ನೀವೊಂದು ಸಲವಾದರೂ ಬರುತ್ತೀರಿ ಅಂದುಕೊಂಡಿದ್ದೆ. ವರ್ಗವಾಗಿ ಹೋದಿರಿ ಅಂದರು. ದೊಡ್ಡ ಊರಿಗೆ ಹೋದವರು ಮರೆತರು, ಮನುಷ್ಯರೇ ಹಾಗೆ ಅಂದುಕೊಂಡು ಸುಮ್ಮನಾದೆ. ಈಗ ಪತ್ರ ಬಂತು, ಸಿಟ್ಟು ಹೋಯಿತು. ನಾನು ಅಷ್ಟೇ, ಹಾಲಿನ ಹಾಗೆ, ಉಕ್ಕುತ್ತೇನೆ, ಇಳಿಯುತ್ತೇನೆ.

ಆದರೆ ಇಳಿಯದ ಸಿಟ್ಟು ಒಂದಿದೆ. ಇವರ ರೈಫಲ್ ಕೊಂಡನಲ್ಲ, ಆ ಮನುಷ್ಯ. ಇವರು ಹಿಂದಿರುಗಿ ಬಂದ ವಾರ ಏನಾಯಿತು ಗೊತ್ತೇ? ಇವರು ಹಾಕಿಕೊಟ್ಟ ಬೀಗಗಳನ್ನೆಲ್ಲ ಬೀದಿಯವರು ಬದಲಾಯಿಸಿದರು. ಒಂದೊಂದೇ ಮನೆ. ಇವರು ಅಂಗಡಿಯಲ್ಲಿ ಕೂತು ಸುತ್ತಿಗೆ ಶಬ್ದ ಕೇಳುತ್ತಿದ್ದರು. ಆಗಲೂ ಹೆಸರು ಬಿಡಲಿಲ್ಲ. ಪೊಲೀಸರಿಗೆ ಹೇಳಲಿಲ್ಲ, ನ್ಯಾಯಾಧೀಶರಿಗೆ ಹೇಳಲಿಲ್ಲ, ಕಟ್ಟಿಕೊಂಡ ಹೆಂಡತಿಗೂ ಹೇಳಲಿಲ್ಲ. "ಮಾರಿದೆ. ಕಾಗದ ಮಾಡಲಿಲ್ಲ. ತಪ್ಪು ನಂದು." ಗೋಡೆಗೆ ಕೇಳಿದ್ದರೆ ಅದಾದರೂ ಬಾಯಿ ಬಿಡುತ್ತಿತ್ತು. ನಾನು ದಿನಾ ಬೆಳಿಗ್ಗೆ ಒಲೆ ಹಚ್ಚುವಾಗ ಆ ಹೆಸರಿಲ್ಲದವನಿಗೆ ಒಂದು ಶಾಪ ಹಾಕಿಯೇ ಮುಂದಿನ ಕೆಲಸ.

ನಿಮ್ಮ ಹತ್ತಿರ ಇವರು ಏನೂ ಮುಚ್ಚಿಡುವವರಲ್ಲ. ಉಪಾಯವಾಗಿ ಕೇಳಿ ಆ ಹೆಸರು ನನಗೆ ತಿಳಿಸಿ ಅಣ್ಣ. ಅವನ ಮನೆ ಬಾಗಿಲಿಗೆ ಹೋಗಿ ಒಂದೇ ಒಂದು ಮಾತು ಕೇಳಬೇಕು, ಊಟ ಸೇರುತ್ತಾ ನಿನಗೆ ಎಂದು.

ನಾನು ಬರೆದದ್ದು ಇವರಿಗೆ ಗೊತ್ತಾಗುವುದು ಬೇಡ. ಆರೋಗ್ಯ ನೋಡಿಕೊಳ್ಳಿ. ಒಬ್ಬರೇ ಇರುವವರು ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ.

ನಿಮ್ಮ ತಂಗಿ


ಏಪ್ರಿಲ್ 14

ಕೀಲಿ,

ತಂಗಿಗೂ ಹೇಳಲಿಲ್ಲವೇ ನೀನು?

ಪೊಲೀಸರಿಗೆ ಹೇಳಲಿಲ್ಲ ಎಂಬುದು ನನಗೆ ಗೊತ್ತಿತ್ತು. ಪ್ರತಿ ದಿನ ಗೇಟಿನ ಸದ್ದಾದರೆ ಪೊಲೀಸರು ಬಂದರು ಎಂದು ಕಾಯುತ್ತಿದ್ದೆ, ಅವರು ಬರಲೇ ಇಲ್ಲ. ಆದರೆ ಅದೇ ಮನೆಯಲ್ಲಿ, ಅದೇ ತಟ್ಟೆ ಲೋಟದ ಮುಂದೆ, ಹನ್ನೊಂದು ವರ್ಷ ಕೂತು ಅವಳಿಗೂ ಹೇಳಲಿಲ್ಲವೇ?

ಅವಳು ನನಗೆ ಪತ್ರ ಬರೆದಿದ್ದಾಳೆ. ನಿನಗೆ ಹೇಳಬೇಡ ಅಂದಿದ್ದಳು. ಆ ಮಾತು ಉಳಿಸಿಕೊಳ್ಳಲು ನನ್ನಿಂದ ಆಗಲಿಲ್ಲ. ನನ್ನನ್ನು ಅಣ್ಣ ಎಂದು ಕರೆದು, ನಾನು ಹೊತ್ತಿಗೆ ಸರಿಯಾಗಿ ಉಣ್ಣಬೇಕು ಎಂದು ಬರೆದಿದ್ದಾಳೆ. ಅದರ ಮೇಲಿನ ಸಾಲಿನಲ್ಲೇ, ರೈಫಲ್ ಕೊಂಡವನಿಗೆ ಊಟ ಹೇಗೆ ಸೇರುತ್ತದೆ ಎಂದು ಕೇಳಿದ್ದಾಳೆ. ಎರಡು ದಿನದಿಂದ ತಟ್ಟೆಯ ಮುಂದೆ ಕೂತು ಏಳುತ್ತಿದ್ದೇನೆ.

ಡಾಕ್ಟರಮ್ಮನ ಮಾರಾಟ ಪತ್ರದ ಕರಡು ನನ್ನ ಮುಂದಿದೆ. ಮಾರಿದವರ ಹೆಸರು, ಕೊಂಡವರ ಹೆಸರು. ಅಂಥದ್ದೇ ಇನ್ನೊಂದು ಕಾಗದ ನಾನು ಬರೆಯಬೇಕಾಗಿದೆ. ಬರೆದು ಕಚೇರಿಗೆ ಕೊಡುತ್ತೇನೆ. ನಿನ್ನನ್ನು ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ.

ಗೂಬೆ


ಏಪ್ರಿಲ್ 22

ಲೋ ಗೂಬೆ,

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂದ ಹಾಗಾಯಿತು ನಿನ್ನ ಕಥೆ. ಸುಮ್ಮನೆ ಕೂತುಕೋ. ಇನ್ನು ನಾಲ್ಕು ತಿಂಗಳಲ್ಲಿ ನಿವೃತ್ತಿ. ಈಗ ಹೋಗಿ ಬಾಯಿ ಬಿಟ್ಟರೆ ವಿಚಾರಣೆ, ಪಿಂಚಣಿಗೆ ತಡೆ, ಪೇಪರಿನಲ್ಲಿ ಹೆಸರು. ಯಾರಿಗೆ ಏನು ಬಂತು? ನನಗೆ ಜಿಪ್ಪು ಅಭ್ಯಾಸವಾಗಿದೆ. ಈ ಊರಿನ ಯಾವ ಚೀಲ ಬಾಯಿ ಬಿಟ್ಟರೂ ನನ್ನ ಹತ್ತಿರವೇ ಬರುತ್ತದೆ.

ಯಾಕೆ ಹೇಳಲಿಲ್ಲ ಎಂದು ಕೇಳಿದ್ದೀಯ. ನನ್ನನ್ನು ದೊಡ್ಡ ಮನುಷ್ಯ ಮಾಡಬೇಡ. ಲಾಕಪ್ಪಿಗೆ ಒಂದು ಕಿಟಕಿ ಇತ್ತು, ಅಂಗೈಯಗಲದ್ದು. ಎರಡನೇ ದಿನ ಅದರಿಂದ ನೋಡಿದೆ, ನೀನು ಸ್ಟುಡಿಯೋ ಕೆಳಗೆ ನಿಂತಿದ್ದೆ. ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದೆ, ಹಾಕಿಕೊಳ್ಳುತ್ತಿದ್ದೆ, ಮತ್ತೆ ಒರೆಸಿಕೊಳ್ಳುತ್ತಿದ್ದೆ. ಬಂದ ನೋಡು ನಮ್ಮ ಗೂಬೆ ಅಂದುಕೊಂಡೆ. ಅವತ್ತು ಸಂಜೆ ಇನ್‌ಸ್ಪೆಕ್ಟರು ಮತ್ತೆ ಕೇಳಿದಾಗ, ಹೆಸರು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ನಾನು ಹೇಳಿ ನಿನ್ನನ್ನು ಎಳೆದು ತಂದರೆ ಅದು ಬೇರೆ. ನೀನಾಗಿ ರಸ್ತೆ ದಾಟಿ ಬಂದರೆ ಅದು ಬೇರೆ. ಬರುತ್ತೀಯ ಎಂದು ಕಾದೆ. ಮೂರನೇ ದಿನವೂ ನೀನು ಅಲ್ಲೇ ನಿಂತಿದ್ದೆ. ನಾಲ್ಕನೇ ದಿನ ಅಲ್ಲಿ ಯಾರೋ ಸೈಕಲ್ ನಿಲ್ಲಿಸಿದ್ದರು.

ಆಮೇಲೆ ಕಾಯುವುದೇ ಒಂದು ಹಠವಾಯಿತು. ಅವಳಿಗೆ ಹೇಳಲಿಲ್ಲ, ಯಾಕೆಂದರೆ ಅವಳು ಅಣ್ಣ ಎಂದು ಕರೆಯುವುದು ಈ ಲೋಕದಲ್ಲಿ ನಿನ್ನೊಬ್ಬನನ್ನೇ. ನನ್ನ ಕೆಲಸ ಹೋಗಿತ್ತು. ಅವಳ ಅಣ್ಣನೂ ಹೋಗುವುದು ಬೇಡ ಅನ್ನಿಸಿತು.

ಕೋಪ ಇರಲಿಲ್ಲವೇ ಅಂದರೆ, ಇತ್ತು. ನಿನ್ನ ಮೊದಲ ಪತ್ರ ಬಂದ ದಿನ ಅದನ್ನು ಒಲೆಗೆ ಹಾಕಲು ಎದ್ದೆ. ಒಲೆಯ ತನಕ ಹೋಗಿ, ಗೂಬೆ ಎಂಬ ಸಹಿ ನೋಡಿ, ನಿಂತೆ. ಮಗನೇ, ಅಕ್ಷರ ಇನ್ನೂ ಹಾಗೇ ಕೋಳಿಕಾಲು.

ನನ್ನ ಮಾತು ಕೇಳು. ಡಾಕ್ಟರಮ್ಮನ ಕಾಗದವನ್ನು ಸರಿಯಾಗಿ ಮಾಡು, ಅಷ್ಟು ಸಾಕು. ನೀನು ಎಷ್ಟಾದರೂ ನಾನು ಹೇಳಿದ್ದನ್ನು ಕೇಳಿದವನಲ್ಲ, ಅದಕ್ಕೆ ಇನ್ನೊಂದು ಮಾತು. ಹಾಗೂ ಕೇಳದೆ ಹೋಗುವುದಾದರೆ, ಮೊದಲು ಅವಳ ಮಾರಾಟ ಮುಗಿಸು. ನಿನ್ನ ಪರವಾನಗಿ ತಡೆಹಿಡಿದರೆ ಪಾಪ ಆ ಹುಡುಗಿ ನಡುನೀರಿನಲ್ಲಿ ನಿಲ್ಲುತ್ತಾಳೆ.

ಕೀಲಿ


ಮೇ 29

ಪ್ರಿಯ ಕೀಲಿ,

ಕೇಳಲಿಲ್ಲ.

ನಿನ್ನೆ ಬೆಳಿಗ್ಗೆ ಹತ್ತೂವರೆಗೆ ಕಚೇರಿಗೆ ಹೋದೆವು. ಸಂಖ್ಯೆ ತಿದ್ದಿ ಬಂದಿತ್ತು. ಸಾಕ್ಷಿಗೆ ನಮ್ಮ ಆಸ್ಪತ್ರೆಯ ಕಾಂಪೌಂಡರ್ ಮತ್ತು ಪಕ್ಕದ ಟೈಪಿಸ್ಟ್. ಬಂದೂಕು ತೆರೆದು ತೋರಿಸಿದೆ, ಎರಡು ನಳಿಗೆಯಲ್ಲೂ ಆಚೆಯ ಬೆಳಕು ಕಂಡಿತು. "ಗಂಟೆ ಬರೀರಿ ಸರ್, ಗಂಟೆ" ಎಂದು ಡಾಕ್ಟರಮ್ಮ ನೆನಪಿಸಿದಳು. ಹನ್ನೊಂದು ಗಂಟೆ ಹತ್ತು ನಿಮಿಷ. ಗುಮಾಸ್ತರು ಮೊಹರು ಹಾಕಿ, "ಇಷ್ಟು ನೀಟಾಗಿ ಯಾರೂ ತರೋದಿಲ್ಲ. ಯಾರು ಬರೆದುಕೊಟ್ಟದ್ದು?" ಅಂದರು. ನನ್ನ ಸ್ನೇಹಿತ ಅಂದೆ.

ಆಮೇಲೆ ಎರಡನೇ ಕಾಗದ ಮೇಜಿನ ಮೇಲಿಟ್ಟೆ. "ಇದೇನು, ಇನ್ನೊಂದು ಬಂದೂಕಾ?" ಎಂದು ಕೇಳಿದರು. "ಹೌದು. ಇದು ಹನ್ನೊಂದು ವರ್ಷ ತಡ" ಅಂದೆ. ಅವರು ಓದುತ್ತಾ ಓದುತ್ತಾ ಪೆನ್ನು ಕೆಳಗಿಟ್ಟರು. ಒಳಗೆ ಹೋಗಿ ಅಧಿಕಾರಿಯನ್ನು ಕರೆತಂದರು. ಡಾಕ್ಟರಮ್ಮ ನನ್ನ ಹೆಗಲ ಮೇಲಿಂದ ಬಗ್ಗಿ ಓದುತ್ತಿದ್ದವಳು ಮೆಲ್ಲಗೆ ನೆಟ್ಟಗಾದಳು. ನಾನು ಅವಳ ಕಡೆ ನೋಡಲಿಲ್ಲ. ನಾನು ಅಧಿಕಾರಿಯ ಹಿಂದೆ ಒಳಗೆ ಹೋಗುವಾಗ ಮಾತ್ರ, "ಸರ್, ಕೊನೇ ಬಸ್ಸಿನ ತನಕ ನಾನಿಲ್ಲೇ ಇರ್ತೀನಿ, ಅವರು ಎಷ್ಟೊತ್ತು ಕೂರಿಸ್ತಾರೋ ಕೂರಿಸ್ಲಿ" ಅಂದಳು.

ಅದರ ನಕಲು ಇದರ ಜೊತೆ ಇದೆ. ಬರೆದದ್ದು ಇಷ್ಟು: ಈ ಸಂಖ್ಯೆಯ ರೈಫಲ್ಲನ್ನು ನಾನು ಆ ವರ್ಷ ಅಕ್ಟೋಬರ್ ಎರಡನೇ ಭಾನುವಾರ ಸಂಜೆ ನಾಲ್ಕು ಗಂಟೆಗೆ, ಸೇತುವೆ ಮೆಟ್ಟಿಲ ಕೆಳಗಿನ ಬೀಗದ ಅಂಗಡಿಯಲ್ಲಿ, ಅದರ ಮಾಲೀಕರಿಂದ ಪಡೆದೆ. ಅವರು ಕಾಗದ ಮಾಡಲು ಕೂತಿದ್ದರು, ಬೇಡವೆಂದವನು ನಾನು. ಅದು ನನ್ನ ವಶದಲ್ಲಿದ್ದಾಗ, ನನ್ನ ಅಜಾಗರೂಕತೆಯಿಂದ ಕಳವಾಯಿತು. ದೂರು ಕೊಡಲಿಲ್ಲ. ಅವರನ್ನು ಬಂಧಿಸಿದ್ದು ತಿಳಿದೂ ಮುಂದೆ ಬರಲಿಲ್ಲ.

ಕೊಂಡವರ ಹೆಸರಿನ ಮುಂದೆ ನನ್ನ ಪೂರ್ತಿ ಹೆಸರಿದೆ. ಮಾರಿದವರ ಸಹಿಯ ಜಾಗ ಖಾಲಿ ಇದೆ. ಅಲ್ಲಿ ನೀನು ಸಹಿ ಹಾಕಿ ನಿಮ್ಮ ಠಾಣೆಗೆ ಕೊಡಬೇಕಂತೆ.

ಈ ಪತ್ರ ಟಪಾಲಿಗೆ ಹಾಕಿ ನೇರ ಆ ಬಂಕಿನವನ ಮನೆಗೆ ಹೋಗುತ್ತೇನೆ. ಅವನು ಏನು ಹೇಳಿದರೂ ಕೇಳಿಕೊಂಡು ಬರುತ್ತೇನೆ.

ತಂಗಿಗೆ ಬೇರೆ ಪತ್ರ ಹಾಕಿದ್ದೇನೆ. ಅದನ್ನು ನೀನು ಬಚ್ಚಿಡಬೇಡ.

ಗೂಬೆ


ಮೇ 29

ತಂಗೀ,

ನೀನು ಕೇಳಿದ ಹೆಸರು ನನ್ನದು.

ನಿನ್ನ ಗಂಡ ಇದನ್ನು ನಿನ್ನಿಂದ ಮುಚ್ಚಿಟ್ಟದ್ದು ನನಗಾಗಿ ಅಲ್ಲ, ನಿನಗಾಗಿ. ಅವನನ್ನು ಬೈಯಬೇಡ. ಎಲ್ಲವನ್ನೂ ಬರೆದುಕೊಟ್ಟಿದ್ದೇನೆ, ನಕಲು ಅವನ ಹತ್ತಿರ ಇದೆ, ಓದು.

ನೀನು ಬಂದು ಕೇಳಬೇಕೆಂದಿದ್ದ ಪ್ರಶ್ನೆಗೆ ಉತ್ತರ: ಸೇರುತ್ತದೆ ತಂಗಿ. ಅದೇ ನಾಚಿಕೆಗೇಡು. ಇಷ್ಟು ವರ್ಷ ಹೊಟ್ಟೆ ತುಂಬ ಉಂಡಿದ್ದೇನೆ. ನಿನ್ನ ಪತ್ರ ಬಂದ ಮೇಲಷ್ಟೇ ಸೇರುತ್ತಿಲ್ಲ.

ಇನ್ನು ಮುಂದೆ ಅಣ್ಣ ಎಂದು ಬರೆಯಬೇಕೆಂದಿಲ್ಲ.


ಆಗಸ್ಟ್ 6

ಲೋ ಗೂಬೆ,

ಎರಡು ತಿಂಗಳು ಬರೆಯಲಿಲ್ಲ ಎಂದು ಕೊರಗಿ ಸಣ್ಣಗಾಗಿರುತ್ತೀಯ. ಆಗು, ನಿನ್ನ ಹೊಟ್ಟೆಗೆ ಒಳ್ಳೆಯದು.

ನಿನ್ನ ಪತ್ರ ಬಂದ ದಿನ ಅವಳು ಓದಿ, ನನ್ನ ಜೇಬಿನಿಂದ ಮಿಕ್ಕವನ್ನೂ ತೆಗೆದು ಓದಿ, ಕಾಗದದ ನಕಲನ್ನೂ ಓದಿ, ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿಟ್ಟಳು. ಒಂದು ಮಾತಿಲ್ಲ. ಒಂಬತ್ತು ದಿನ. ತಟ್ಟೆ ಇಡುತ್ತಾಳೆ, ತೆಗೆಯುತ್ತಾಳೆ, ಮಾತಿಲ್ಲ. ಲಾಕಪ್ಪಿನಲ್ಲಿ ಹತ್ತೊಂಬತ್ತು ದಿನ ಇದ್ದವನಿಗೆ ಈ ಒಂಬತ್ತು ದಿನವೇ ಹೆಚ್ಚಾಯಿತು. ನಾನಾದರೂ ಎಲ್ಲಿ ಸಹಿ ಹಾಕಿದ್ದೆ? ಸಹಿ ಹಾಕಿದರೆ ನಿನ್ನ ಕುತ್ತಿಗೆ, ಹಾಕದಿದ್ದರೆ ನನ್ನದು. ಹತ್ತನೇ ದಿನ ಬೆಳಿಗ್ಗೆ ಪೆನ್ನಿನ ಮುಚ್ಚಳ ತೆಗೆದು ನನ್ನ ಮುಂದಿಟ್ಟಳು. "ಹಾಕಿ ಸಹಿ. ಅವರು ಹನ್ನೊಂದು ವರ್ಷಕ್ಕೆ ರಸ್ತೆ ದಾಟಿದಾರೆ. ಈಗ ನೀವು ಈ ಕಡೆ ನಿಂತ್ಕೊಂಡು ಕಾಯಿಸ್ಬೇಡಿ" ಅಂದಳು. ಹಾಕಿದೆ.

ಠಾಣೆಯಲ್ಲಿ ಈಗ ಎಲ್ಲ ಹೊಸಬರು. ಮೂರು ಸಲ ಹೇಳಿಕೆ ಬರೆಸಿಕೊಂಡರು. ನ್ಯಾಯಾಲಯದ ಆದೇಶ ಮೊನ್ನೆ ಬಂತು. ದಾಖಲೆಯಿಂದ ನನ್ನ ಹೆಸರು ತೆಗೆದಿದ್ದಾರೆ. ಬೀಗದ ಕೆಲಸದ ಪರವಾನಗಿಗೆ ಅರ್ಜಿ ಹಾಕಿದ್ದೇನೆ. ಕೈ ಮರೆತಿದೆಯೇ ನೋಡೋಣವೆಂದು ಮನೆಯ ಹಳೇ ಪೆಟ್ಟಿಗೆಯೊಂದನ್ನು ತೆಗೆಯಲು ಕೂತೆ. ಮೊದಲೆಲ್ಲ ಅರ್ಧ ನಿಮಿಷದ ಕೆಲಸ, ನಾಲ್ಕು ನಿಮಿಷ ಹಿಡಿಯಿತು. ಆದರೂ ತೆರೆಯಿತು.

ನಿನಗೆ ವಿಚಾರಣೆ, ದಂಡ, ಪಿಂಚಣಿ ತಡೆ ಎಲ್ಲ ಆದದ್ದನ್ನು ಡಾಕ್ಟರಮ್ಮ ಬರೆದಿದ್ದಾಳೆ. ನಿನ್ನ ಪುಸ್ತಕದಿಂದ ನನ್ನ ವಿಳಾಸ ಕದ್ದು ಬರೆದಳಂತೆ, ಒಳ್ಳೆಯ ಹುಡುಗಿ. ಬಂಕಿನವನು ನಿನಗೆ ಬಾಯಿಗೆ ಬಂದ ಹಾಗೆ ಬೈದು, ಆಮೇಲೆ ಅವನ ಮೇಕೆಯ ಕೆಮ್ಮಿಗೆ ಔಷಧಿ ಕೇಳಿದ್ದನ್ನೂ ಬರೆದಿದ್ದಾಳೆ. ಕೊಟ್ಟೆಯಂತೆ. ಇನ್ನೇನು ಮಾಡುತ್ತೀಯ, ದನದ ಡಾಕ್ಟರು.

ಸೆಪ್ಟೆಂಬರಿನಲ್ಲಿ ಬಾ. ಅವಳು ಏನು ಮಾಡುತ್ತಾಳೋ ನನಗೆ ಗೊತ್ತಿಲ್ಲ, ಕೇಳಿದರೆ ಹೇಳುವುದಿಲ್ಲ. ಹೊಡೆದರೆ ಒಂದೆರಡು ತಿನ್ನು.

ಕೀಲಿ


ಸೆಪ್ಟೆಂಬರ್ 30

ಮೇಲೆ ಏನೆಂದು ಬರೆಯಬೇಕೋ ತಿಳಿಯಲಿಲ್ಲ, ಅದಕ್ಕೆ ಬಿಟ್ಟಿದ್ದೇನೆ.

ನೀವು ಬಂದ ದಿನ ಬಾಗಿಲು ತೆರೆದು, ಮುಖ ನೋಡಿ, ಹಾಕಿಕೊಂಡದ್ದು ನಾನು ಯೋಚಿಸಿ ಮಾಡಿದ್ದಲ್ಲ. ಕೇಳಬೇಕಾದ ಮಾತುಗಳನ್ನೆಲ್ಲ ಹದಿನೈದು ದಿನದಿಂದ ಜೋಡಿಸಿ ಇಟ್ಟುಕೊಂಡಿದ್ದೆ. ಕೈಯಲ್ಲಿ ಚೀಲ ಹಿಡಿದು, ತಲೆ ಪೂರ್ತಿ ಬೆಳ್ಳಗಾಗಿ, ಒಬ್ಬ ಮುದುಕ ನಿಂತಿದ್ದ. ನಾನು ಬೈಯಬೇಕೆಂದಿದ್ದ ಮನುಷ್ಯ ಇವನಲ್ಲ ಅನ್ನಿಸಿತು. ಕೈ ತಾನಾಗಿ ಬಾಗಿಲು ಮುಚ್ಚಿತು.

ನೀವು ಹೋಗುತ್ತೀರಿ ಅಂದುಕೊಂಡೆ. ಮೆಟ್ಟಿಲ ಮೇಲೆ ಕೂತ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಇವರು ಅಂಗಡಿಯಿಂದ ಬಂದರು. "ಯಾಕೋ ಹೊರಗೆ?" "ಬಾಗಿಲು ಹಾಕಿದೆ." "ಹೌದಾ." ಆಮೇಲೆ ಇವರೂ ಕೂತ ಸದ್ದು. ಬಾಗಿಲ ಕೀಲಿ ಇವರ ಜೇಬಿನಲ್ಲೇ ಇತ್ತು. ಒಂದು ಸಲವೂ ಬಾಗಿಲು ತಟ್ಟಲಿಲ್ಲ.

ನಾನು ಒಳಗೆ ಮಣೆಯ ಮೇಲೆ ಕೂತಿದ್ದೆ. ಮಂಡಿ ನೋವು, ಏಳಲೂ ಮನಸ್ಸಿರಲಿಲ್ಲ. ನೀವಿಬ್ಬರೂ ಏನು ಮಾತಾಡುತ್ತೀರಿ ನೋಡೋಣ ಎಂದು ಕಿವಿ ಕೊಟ್ಟೆ. ಕ್ಷಮೆ ಕೇಳುತ್ತೀರಿ, ಅಳುತ್ತೀರಿ ಅಂದುಕೊಂಡಿದ್ದೆ. ನೀವೋ, ಬಂಕಿನವನ ಮೇಕೆ ನಿಮ್ಮ ಕನ್ನಡಕದ ಕಡ್ಡಿ ತಿಂದ ಕಥೆ ಹೇಳುತ್ತಿದ್ದಿರಿ. "ಮತ್ತೆ ಹೇಗೆ ನೋಡಿದೆ?" ಎಂದು ಇವರು ಕೇಳಿದರು. "ಒಂದೇ ಕಿವಿಯಲ್ಲಿ" ಎಂದಿರಿ. ಆಗ ಇವರು ನಕ್ಕರು. ಸಣ್ಣಗಲ್ಲ. ಮದುವೆಯಾದ ಹೊಸತರಲ್ಲಿ ನೀವು ಮನೆಗೆ ಬಂದಾಗ ನಗುತ್ತಿದ್ದರಲ್ಲ, ಉಸಿರು ಕಟ್ಟಿ, ಕೆಮ್ಮು ಬಂದು, ಗೋಡೆ ಬಡಿದು. ಆ ನಗು ಈ ಮನುಷ್ಯನಲ್ಲಿ ಇತ್ತು ಎಂಬುದನ್ನೇ ನಾನು ಮರೆತುಬಿಟ್ಟಿದ್ದೆ. ಅದಕ್ಕೆ ಎದ್ದು ಬಾಗಿಲು ತೆಗೆದೆ. ನಿಮಗಾಗಿ ಅಲ್ಲ.

ಊಟ ಬಡಿಸುವಾಗ ನಿಮ್ಮ ಜೊತೆ ಮಾತಾಡಲಿಲ್ಲ. ಮುಂದಿನ ಸಲವೂ ಆಡುತ್ತೇನೋ ಇಲ್ಲವೋ, ಭರವಸೆ ಕೊಡಲಾರೆ. ಹನ್ನೊಂದು ವರ್ಷದ ಸಿಟ್ಟು ಹಾಲಲ್ಲ. ಆದರೆ ನೀವು ಎರಡನೇ ಸಲ ಬಡಿಸಿದ್ದನ್ನು ಬೇಡ ಅಂದಿರಿ, ಅದು ನನಗೆ ಸರಿಬರಲಿಲ್ಲ. ನನ್ನ ಮನೆಗೆ ಬಂದವರು ಅರ್ಧ ಹೊಟ್ಟೆಯಲ್ಲಿ ಏಳುವ ಹಾಗಿಲ್ಲ.

ಇವರಿಗೆ ಬೀಗದ ಕೆಲಸದ ಪರವಾನಗಿ ಬಂತು. ಬೀದಿ ತುದಿಯ ದರ್ಜಿಯವರು ಕರೆದಿದ್ದಾರೆ, ಬಾಗಿಲಿಗೆ ಹೊಸ ಬೀಗ ಹಾಕಬೇಕಂತೆ. ಶನಿವಾರ ಕೆಲಸ. ಇವರು ಈಗಲೇ ಉಪಕರಣಗಳನ್ನೆಲ್ಲ ಎಣ್ಣೆ ಹಚ್ಚಿ, ಒರೆಸಿ, ಹಾಸಿಗೆಯ ಮೇಲೆ ಹರಡಿದ್ದಾರೆ, ನಾನು ಮಲಗುವುದೆಲ್ಲಿ ಎಂದು ಕೇಳಿದರೆ ಕಿವಿಗೇ ಹಾಕಿಕೊಳ್ಳುವುದಿಲ್ಲ. ಬಾಗಿಲು ಭಾರವಂತೆ, ಹಿಡಿದುಕೊಳ್ಳಲು ಒಬ್ಬರು ಬೇಕಂತೆ. ಯಾರನ್ನೂ ಕರೆದುಕೊಳ್ಳುವುದಿಲ್ಲವಂತೆ. ಯಾರು ಬರಲೆಂದು ಕಾಯುತ್ತಿದ್ದಾರೆ ಎಂದು ನನಗೂ ಗೊತ್ತು, ನಿಮಗೂ ಗೊತ್ತು.

ಶುಕ್ರವಾರವೇ ಬಂದುಬಿಡಿ.

ತಂಗಿ